ಜಾಗ ದೊಡ್ಡದುಂಟು, ದಾರಿ ಉಂಟಾ?

ವಿಡಿಯೊ ಗೇಮ್ ಆಡಿಸುವ ಅಂಗಡಿ ಇಟ್ಟವರಿಗೆ ನಗಲಿಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಟಿವಿಯ ಒಳಗೆ ನಡೆಯುವುದಕ್ಕಿಂತ ಹೆಚ್ಚು ತಮಾಷೆ ಅದರ ಮುಂದಿನ ಕುರ್ಚಿಯಲ್ಲಿ ನಡೆಯುತ್ತದೆ, ಅದೂ ದಿನಾ.

ಮೂಡಬಿದ್ರೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಟ್ಟಡದ ಮಾಳಿಗೆಯಲ್ಲಿ ನನ್ನ ಅಂಗಡಿ. ನಾಲ್ಕು ಟಿವಿ, ನಾಲ್ಕು ಕುರ್ಚಿ, ಒಂದು ಇನ್ವರ್ಟರ್. ಹೆಂಗಸು ಗೇಮಿನ ಅಂಗಡಿ ಇಡುವುದುಂಟಾ ಎಂದು ಕೇಳಿದವರಿಗೆಲ್ಲ, "ಟೈಲರ್ ಅಂಗಡಿ ಇಟ್ಟಿದ್ರೆ ನೀವು ಬಂದು ಹೊಲಿಸ್ತಿದ್ರಾ?" ಎಂದು ಕೇಳಿ ಬಾಯಿ ಮುಚ್ಚಿಸಿದ್ದೇನೆ. ಈಗ ಹುಡುಗರಿಗೆ ಹುಚ್ಚು ಹಿಡಿಸಿರುವುದು ಊರು ಸುತ್ತುವ ಗೇಮುಗಳು. ಕಾಡು, ಹೊಳೆ, ಪೇಟೆ ಎಲ್ಲ ಕೊಟ್ಟು, ಎಲ್ಲಿ ಬೇಕಾದರೂ ಅಲೆ ಎಂದು ಬಿಟ್ಟುಬಿಡುತ್ತಾರೆ. ಯಾವ ಗೇಮಿನ ಮ್ಯಾಪ್ ದೊಡ್ಡದು ಎಂಬುದು ನನ್ನ ಅಂಗಡಿಯ ಮುಗಿಯದ ವ್ಯಾಜ್ಯ.

ಹೀಗೆ ಇರುವಾಗ ಕಟ್ಟಡದ ಧಣಿ ಒಂದು ದಿನ ಮೇಲೆ ಬಂದು, "ತಿಂಗಳು ಮುಗಿಯುವುದರೊಳಗೆ ಖಾಲಿ ಮಾಡು ಮಾರಾಯ್ತಿ. ಚಪ್ಪಲಿ ವ್ಯಾಪಾರಿಗೆ ಗೋಡೌನ್ ಬೇಕಂತೆ" ಎಂದರು. ನನ್ನ ಬಳೆ ಮಾರಿ ತೆರೆದ ಅಂಗಡಿ ಅದು. ಈ ಹುಡುಗರ ಬೊಬ್ಬೆ ಕೇಳಿದರೆ ಊರಲ್ಲಿ ಇನ್ನೊಬ್ಬರು ನನಗೆ ಕೋಣೆ ಕೊಡುವವರಲ್ಲ. ಆ ತಿಂಗಳು ನಡೆದದ್ದನ್ನು ಹೇಳುತ್ತೇನೆ.

ತಾಲೂಕಿನಷ್ಟು ದೊಡ್ಡದು

ಲಾಯಿಲದ ಒಬ್ಬ, ಪಾಣೆಮಂಗಳೂರಿನ ಒಬ್ಬ, ಇಬ್ಬರೂ ಇಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುವವರು. ಮರುದಿನವೇ ಇಬ್ಬರಿಗೂ ಜಗಳ ಹತ್ತಿತು.

"ನಮ್ಮ ಗೇಮಿನ ಮ್ಯಾಪಿನಲ್ಲಿ ನಿನ್ನ ಮ್ಯಾಪಿನಂಥದ್ದು ಹತ್ತು ಹಿಡಿಸ್ತದೆ" ಎಂದ ಲಾಯಿಲದವ.

"ಹಿಡಿಸ್ಲಿ. ಅದರಲ್ಲಿ ಕಾಡು ಬಿಟ್ಟರೆ ಎಂತ ಉಂಟು?" ಎಂದ ಪಾಣೆಮಂಗಳೂರಿನವ.

ಗಲಾಟೆ ಕೇಳಿ ಧಣಿ ದಡದಡ ಮೆಟ್ಟಿಲು ಹತ್ತಿ ಬಂದರು. ನಾಳೆಯೇ ಖಾಲಿ ಮಾಡು ಎನ್ನುತ್ತಾರೆ ಎಂದು ನಾನು ಹೆದರಿ ನಿಂತಿದ್ದೆ. ಆದರೆ ಅವರು ಜೀವಮಾನವೆಲ್ಲ ಜಾಗದ ವ್ಯವಹಾರ ಮಾಡಿದವರು. ಜಾಗದ ತಕರಾರು ಎಂದು ಗೊತ್ತಾದ ಕೂಡಲೇ ಕುರ್ಚಿ ಎಳೆದು ಕೂತರು.

"ಎಷ್ಟು ಎಕ್ರೆ?" ಎಂದು ಕೇಳಿದರು.

"ಬೆಳ್ತಂಗಡಿ ತಾಲೂಕಿನಷ್ಟು ಉಂಟು ಧಣಿಗಳೇ."

"ದಾರಿ ಉಂಟಾ?"

ಅದನ್ನು ಯಾರೂ ಯೋಚಿಸಿರಲಿಲ್ಲ. ನೋಡಿಯೇ ಬಿಡುವ ಎಂದು ಲಾಯಿಲದವ ಗೇಮಿನ ಮನುಷ್ಯನನ್ನು ಒಂದು ತುದಿಯಲ್ಲಿ ನಿಲ್ಲಿಸಿ, ಮುಂದಕ್ಕೆ ನಡೆಸುವ ಗುಂಡಿಗೆ ರಬ್ಬರ್ ಬ್ಯಾಂಡ್ ಕಟ್ಟಿದ. ಗೇಮಿನವ ತನ್ನಷ್ಟಕ್ಕೆ ನಡೆಯತೊಡಗಿದ. ನಾವೆಲ್ಲ ಕೆಳಗೆ ಹೋಗಿ ಬನ್ಸ್ ತಿಂದು, ಚಾ ಕುಡಿದು, ಧಣಿಯ ಮೊಣಕಾಲು ನೋವಿನ ಕಥೆ ಪೂರ್ತಿ ಕೇಳಿ ಮೇಲೆ ಬಂದೆವು. ಮನುಷ್ಯ ಇನ್ನೂ ನಡೆಯುತ್ತಲೇ ಇದ್ದ. ಹೊರಟ ಜಾಗದಿಂದ ಸ್ವಲ್ಪವೇ ಮುಂದೆ ಒಂದು ಬಂಡೆ. ಪಾಪ, ಅದಕ್ಕೆ ಮುಖ ಒತ್ತಿ ನಡೆಯುತ್ತಿದ್ದ.

ಧಣಿ ಎದ್ದು ಪಂಚೆ ಕೊಡವಿದರು. "ದಾರಿ ಇಲ್ಲದ ಜಾಗ. ಇದರ ಮೇಲೆ ಬ್ಯಾಂಕಿನವರು ಸಾಲ ಕೂಡ ಕೊಡುವುದಿಲ್ಲ" ಎಂದು ಇಳಿದು ಹೋದರು.

ಯಾರ ಮನೆ ಅದು?

ಆ ವಾರವೇ ಪಾಣೆಮಂಗಳೂರಿನವನ ತಾಯಿ ಮಗನನ್ನು ಹುಡುಕಿಕೊಂಡು ನೇರ ಅಂಗಡಿಗೆ ಬಂದರು. ಇವರು ಹೋಗಿ ಧಣಿಗೆ ದೂರು ಕೊಟ್ಟರೆ ನನ್ನ ಕಥೆ ಅಲ್ಲಿಗೇ ಮುಗಿಯಿತು ಎಂದು ನಾನು ಕುರ್ಚಿ ಕೊಟ್ಟು ನೀರು ಕೊಟ್ಟೆ. ಅವರು ಬೈಯಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು ಮಗನ ಹಿಂದೆ ಕೂತರು.

ಮಗ ಗೇಮಿನಲ್ಲಿ ಒಂದು ಹಳ್ಳಿಯ ಮನೆಗೆ ನುಗ್ಗಿ ಕಪಾಟು ತೆರೆದು ರೊಟ್ಟಿ ಎತ್ತಿಕೊಂಡ.

"ಯಾರ ಮನೆ ಅದು?" ಎಂದು ತಾಯಿ ಕೇಳಿದರು.

"ಗೊತ್ತಿಲ್ಲಮ್ಮ."

"ಮನೆಯವರು?"

"ಒಳಗೆ ಮಲಗಿದ್ದಾರೆ."

"ಹಾಗಾದ್ರೆ ಯಾರನ್ನು ಕೇಳಿ ತೆಗೆದೆ? ಇಟ್ಟು ಬಾ."

ತೆಗೆದದ್ದನ್ನು ಕಪಾಟಿನಲ್ಲಿ ತಿರುಗಿ ಇಡುವ ಗುಂಡಿ ಆ ಗೇಮಿನಲ್ಲಿ ಇಲ್ಲ. ಮಾಡಿದವರಿಗೆ ಅಂಥ ತಾಯಿ ಇರಲಿಲ್ಲವೆಂದು ಕಾಣುತ್ತದೆ. ಹುಡುಗ ಹುಡುಕಿ ಹುಡುಕಿ ಕೊನೆಗೆ ರೊಟ್ಟಿಯನ್ನು ನೆಲಕ್ಕೆ ಹಾಕಿದ. "ತಿನ್ನುವ ವಸ್ತುವನ್ನು ನೆಲಕ್ಕೆ ಹಾಕ್ತೀಯಾ? ಅದೂ ಬೂಟು ಹಾಕಿಕೊಂಡು ತಿರುಗಿದ ನೆಲಕ್ಕೆ?" ಎಂದು ತಾಯಿ ಈಗ ನಿಜವಾಗಿ ಸಿಟ್ಟಾದರು. ಮತ್ತೆ ಸುತ್ತ ನೋಡಿ, "ಇವರದ್ದು ಬಚ್ಚಲು ಎಲ್ಲಿ?" ಎಂದರು. ಮಗ ಆ ಮನೆಯಲ್ಲಿ ಹುಡುಕಿದ. ಪಕ್ಕದ ಮನೆಯಲ್ಲಿ ಹುಡುಕಿದ. ಅಂಗಡಿಯಲ್ಲಿದ್ದ ನಾವೆಲ್ಲ ಸೇರಿ ಇಡೀ ಹಳ್ಳಿ ಜಾಲಾಡಿದೆವು. ಅರಮನೆಯೊಂದಿತ್ತು, ಅದರಲ್ಲೂ ಬಚ್ಚಲಿಲ್ಲ.

ತಾಯಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಓದು ಮುಗಿಸಿ ಆಡುವುದಾದ್ರೆ ಆಡು. ಆದ್ರೆ ಆ ಊರಲ್ಲಿ ಯಾರ ಮನೆಯಲ್ಲೂ ಊಟಕ್ಕೆ ನಿಲ್ಲಬೇಡ" ಎಂದರು.

ಜನ ಆಗಲಿ

ನನ್ನ ಅಕ್ಕನ ಗಂಡ ನೆರಿಯದ ಕಡೆ ಜನ ಹತ್ತಿಸಿಕೊಂಡು ಹೋಗುವ ಸರ್ವಿಸ್ ಜೀಪು ಓಡಿಸುವವರು. ಜೀಪಿನ ಸಾಮಾನಿಗೆಂದು ಮೂಡಬಿದ್ರೆಗೆ ಬಂದವರು ನನ್ನನ್ನು ನೋಡಿ ಹೋಗುವ ಎಂದು ಅಂಗಡಿ ಹತ್ತಿದರು. "ಭಾವ, ನೀವೂ ಒಮ್ಮೆ ಓಡಿಸಿ" ಎಂದು ದೊಡ್ಡ ಪೇಟೆಯ ಗೇಮೊಂದರಲ್ಲಿ ಅವರನ್ನು ಜೀಪಿಗೆ ಕೂರಿಸಿದೆ. ಭಾವ ಚಂದಕ್ಕೆ ಓಡಿಸಿ, ಮೊದಲ ವೃತ್ತ ಬಂದ ಕೂಡಲೇ ಜೀಪು ಬದಿಗೆ ನಿಲ್ಲಿಸಿದರು. ನಿಲ್ಲಿಸಿದವರು ಹೊರಡಲೇ ಇಲ್ಲ.

"ಹೋಗಿ ಭಾವ" ಎಂದೆ.

"ಜನ ಆಗ್ಲಿ" ಎಂದರು.

ಅಷ್ಟರಲ್ಲಿ ಧಣಿ ಬಂದರು. ಖಾಲಿ ಮಾಡುವ ವಿಷಯವನ್ನು ನೆನಪಿಸಲಿಕ್ಕೆ ಬಂದವರೇ ಇರಬೇಕು, ಆದರೆ ನಿಂತ ಜೀಪು ಕಂಡು ಅವರಿಗೂ ಬೇರೆಲ್ಲ ಮರೆತುಹೋಯಿತು. "ಹೊರಡ್ಲಿಲ್ವಾ?" ಎಂದು ಕೇಳಿದರು. "ಖಾಲಿ ಗಾಡಿ ತಗೊಂಡು ಹೋಗಿ ಎಂತ ಮಾಡುವುದು?" ಎಂದರು ಭಾವ. "ಅದು ಹೌದು" ಎಂದು ಧಣಿಯೂ ಕೂತರು. ಭಾವ ಹಾರ್ನ್ ಹೊಡೆದರು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಳು ಬೆಚ್ಚಿ ಓಡಿದಳು. "ಅವಳಿಗೆ ಬೇರೆ ಕಡೆ ಹೋಗ್ಲಿಕ್ಕುಂಟು ಕಾಣ್ತದೆ" ಎಂದರು ಧಣಿ. ಲಾಯಿಲದವ ತಡೆಯಲಾರದೆ, "ಅವರು ಹತ್ತುವವರಲ್ಲ ಅಣ್ಣ, ಸುಮ್ಮನೆ ನಡೀಲಿಕ್ಕೆ ಇಟ್ಟ ಜನ" ಎಂದ. ಭಾವನಿಗೆ ಬೇಸರವಾಯಿತು. "ಇಷ್ಟು ಜನ ಉಂಟು, ಇಷ್ಟು ರಸ್ತೆ ಉಂಟು, ಒಬ್ಬನಿಗೂ ಎಲ್ಲಿಗೂ ಹೋಗ್ಲಿಕ್ಕಿಲ್ಲ. ಇದೆಂಥ ಪೇಟೆ?" ಎಂದು ಜೀಪು ತಿರುಗಿಸುವಾಗ ಪೊಲೀಸ್ ಗಾಡಿಗೆ ತಾಗಿಸಿಬಿಟ್ಟರು.

ಸೈರನ್ ಕೇಳಿತು. "ಓಡಿಸಿ ಭಾವ, ಓಡಿಸಿ" ಎಂದು ನಾವೆಲ್ಲ ಬೊಬ್ಬೆ ಹೊಡೆದೆವು. ಭಾವ ಮರ್ಯಾದೆಯಲ್ಲಿ ಜೀಪು ಬದಿಗೆ ಹಾಕಿ, ಕಂಟ್ರೋಲರನ್ನು ಮಡಿಲಲ್ಲಿಟ್ಟು, ತಮ್ಮ ಅಂಗಿಯ ಜೇಬಿನಿಂದ ನಿಜವಾದ ಲೈಸೆನ್ಸ್ ತೆಗೆದು ಹಿಡಿದರು. ಟಿವಿಯ ಪೊಲೀಸರು ಢಂ ಢಂ ಎಂದು ಗುಂಡು ಹಾರಿಸಿ ಜೀಪಿನಲ್ಲಿದ್ದವನನ್ನು ಮುಗಿಸಿದರು.

ಭಾವ ಲೈಸೆನ್ಸನ್ನು ಟಿವಿಗೆ ಇನ್ನಷ್ಟು ಹತ್ತಿರ ಹಿಡಿದು, "ಸರಿಯಾಗಿ ನೋಡ್ಲಿ, ಮೊನ್ನೆಯೇ ರಿನ್ಯೂ ಮಾಡಿಸಿದ್ದು" ಎಂದರು.

ಧಣಿಯ ಹೊಸ ಮನೆ

ಇಷ್ಟಾದ ಮೇಲೆ ಧಣಿ ಸುಮ್ಮನಿರುವವರಾ? "ಜಾಗ ನೋಡಿ ಮನೆ ಕಟ್ಟುವ ಗೇಮ್ ಯಾವುದಾದ್ರೂ ಉಂಟಾ?" ಎಂದು ತಾವೇ ಕೇಳಿದರು. ಮ್ಯಾಪ್ ಸಣ್ಣದು, ಆದರೆ ಹೆಜ್ಜೆಗೊಂದು ವಿಶೇಷ ಇರುವ ಗೇಮೊಂದನ್ನು ಹಾಕಿಕೊಟ್ಟೆ. ಬೇರೆಯವರು ಬಂದ ಗಳಿಗೆಗೇ ಗೋಡೆ ಎಬ್ಬಿಸುತ್ತಾರೆ. ಧಣಿ ಬರೀ ಜಾಗ ನೋಡಿದರು. ಗುಡ್ಡ ಬೇಡ, ಗಾಳಿ. ಹೊಳೆಬದಿ ಬೇಡ, ನೆರೆ ಬರ್ತದೆ. "ಗೇಮಿನಲ್ಲಿ ನೆರೆ ಬರುವುದಿಲ್ಲ ಧಣಿಗಳೇ" ಎಂದೆ. ಪಾಣೆಮಂಗಳೂರಿನವ ನನಗೇ ತಿರುಗಿಬಿದ್ದ: "ಹೊಳೆಬದಿಯವರ ಕಷ್ಟ ನಿಮಗೆ ಗೊತ್ತಿಲ್ಲ ಅಕ್ಕ. ಬೇಡ ಅಂದ್ರೆ ಬೇಡ."

ಕೊನೆಗೆ ಒಂದು ಜಾಗ ಹಿಡಿಸಿತು. ಪೂರ್ವದಲ್ಲಿ ತಗ್ಗು, ನೀರಿನ ಒರತೆ, ಅಂಗಳದವರೆಗೆ ದಾರಿ. ಧಣಿ ಹೊರಡುವ ಮೊದಲು ಸುತ್ತ ಒಂದು ಸುತ್ತು ಹಾಕಿದರು. ಹಿಂದಿನ ಗುಹೆಯಲ್ಲಿ ಮೂರು ತಲೆಯ ರಾಕ್ಷಸ ಕೂತಿದ್ದ. ಇವರನ್ನು ಕಂಡದ್ದೇ ಎತ್ತಿ ನುಂಗಿದ.

"ಜಾಗ ಚಿನ್ನ, ನೆರೆಕರೆಯವರು ಸರಿ ಇಲ್ಲ" ಎಂದು ಧಣಿ ಮರುದಿನ ಇನ್ನೊಂದು ಕಡೆ ಮನೆಯ ಅಡಿಪಾಯಕ್ಕೆ ಪಂಚಾಂಗ ಹಾಕಿದರು. ಗೋಡೆ ಎದ್ದಿತು, ಚಾವಡಿ ಆಯಿತು. ಹಂಚಿನ ಮಾಡು ಮಾತ್ರ ಬಾಕಿ ಇರುವಾಗ ಅವರಿಗೆ ಏನೋ ಹೊಳೆಯಿತು. "ನೀನು ಖಾಲಿ ಮಾಡಿದ್ರೆ ನನ್ನ ಮನೆ?"

"ಅದು ಈ ಪೆಟ್ಟಿಗೆಯೊಳಗೆ ಉಂಟು ಧಣಿಗಳೇ. ಪೆಟ್ಟಿಗೆ ನನ್ನ ಜೊತೆ ಬರ್ತದೆ."

ಧಣಿ ಕಂಟ್ರೋಲರ್ ಕೆಳಗಿಟ್ಟು ನನ್ನನ್ನು ನೋಡಿದರು. "ಅಂದ್ರೆ ನೀನು ನನ್ನನ್ನು ಒಕ್ಕಲೆಬ್ಬಿಸ್ತಿದ್ದೀ" ಎಂದರು.

ಚಪ್ಪಲಿ ವ್ಯಾಪಾರಿ ಬಂದದ್ದು

ತಿಂಗಳ ಕೊನೆಗೆ ಬಂಟ್ವಾಳದಿಂದ ಚಪ್ಪಲಿ ವ್ಯಾಪಾರಿ ಕೋಣೆ ನೋಡಲು ಬಂದೇಬಿಟ್ಟರು. ಕೊಟ್ಟ ಮಾತು, ಧಣಿ ತಪ್ಪುವವರಲ್ಲ. ಅವರೇ ಕರೆದುಕೊಂಡು ಬಂದರು. ನಾನು ವೈರು ಸುತ್ತುವವಳಂತೆ ತಲೆ ತಗ್ಗಿಸಿಕೊಂಡೆ, ಅಳು ಬಂದರೆ ಕಾಣಬಾರದೆಂದು.

"ಕೋಣೆ ಒಳ್ಳೆಯದುಂಟು" ಎಂದರು ವ್ಯಾಪಾರಿ.

"ಒಳ್ಳೆಯದೇ. ಮಳೆಗಾಲದಲ್ಲಿ ಆ ಮೂಲೆ ಸೋರ್ತದೆ, ಅಷ್ಟೇ" ಎಂದರು ಧಣಿ.

ನಾನು ತಲೆ ಎತ್ತಿದೆ. ಅಂಗಡಿ ಇಟ್ಟಾಗಿನಿಂದ ನಾನು ಆ ಮೂಲೆಯ ಬಗ್ಗೆ ಹೇಳುತ್ತಲೇ ಇದ್ದೆ. ಪ್ರತಿ ಸಲ ಅವರು, "ಎಲ್ಲಿ ಸೋರ್ತದೆ? ನನಗೆ ಕಾಣುವುದಿಲ್ಲ" ಎನ್ನುತ್ತಿದ್ದರು. ಈಗ ಕೈಯಲ್ಲಿದ್ದ ಕೋಲಿನಿಂದ ಗೋಡೆಯ ನೀರಿನ ಕಲೆಯನ್ನು ಮುಟ್ಟಿ ತೋರಿಸಿದರು.

"ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ನೇರ ಒಳಗೆ. ನಿಮ್ಮ ಚಪ್ಪಲಿಯ ಗಮ್ ಕರಗಿ ಎಡದ್ದು ಬಲದ್ದಕ್ಕೆ ಅಂಟೀತು. ಮೆಟ್ಟಿಲು ಕಡಿದಾಗಿ ಉಂಟು, ಪೆಟ್ಟಿಗೆ ಹೊತ್ತವನ ಸೊಂಟಕ್ಕೆ ನಾನು ಜವಾಬ್ದಾರನಲ್ಲ. ಕಿಟಕಿಯ ಚಿಲಕ ಕೂತುಕೊಳ್ಳುವುದಿಲ್ಲ. ನಳ್ಳಿಯಲ್ಲಿ ನೀರು ಬಂದ್ರೆ ಬಂತು. ಇಲಿ ಉಂಟು. ಚರ್ಮ ಅಂದ್ರೆ ಅವಕ್ಕೆ ಜೀವ."

ಒಂದೊಂದೂ ನನ್ನದೇ ದೂರು. ನಾನು ಹೇಳಿದ ಮಾತುಗಳಲ್ಲೇ, ನಾನು ಹೇಳಿದ ಅನುಕ್ರಮದಲ್ಲೇ. ಕೇಳಿಸುವುದಿಲ್ಲವೆಂದು ನಾನು ತಿಳಿದಿದ್ದ ಮನುಷ್ಯ ಒಂದನ್ನೂ ಬಿಡದೆ ಬಾಯಿಪಾಠ ಮಾಡಿಟ್ಟಿದ್ದರು. ವ್ಯಾಪಾರಿ ಅರ್ಧ ಕೇಳುವಷ್ಟರಲ್ಲೇ ಮೆಟ್ಟಿಲಿನ ಹತ್ತಿರ ಇದ್ದರು. "ಬೇರೆ ಕಡೆ ನೋಡ್ತೇನೆ" ಎಂದು ಇಳಿದರು. ಮೆಟ್ಟಿಲು ಕಡಿದಾಗಿ ಉಂಟು ಎಂದು ಕೇಳಿದ್ದಕ್ಕೋ ಏನೋ, ಗೋಡೆ ಹಿಡಿದುಕೊಂಡೇ ಇಳಿದರು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಹುಡುಗರು ಕುಣಿದೇಬಿಟ್ಟರು. ಧಣಿ ಏನೂ ಆಗದವರಂತೆ ಕುರ್ಚಿಗೆ ಕೂತು, ಕಂಟ್ರೋಲರ್ ಎತ್ತಿ ಮಾಡಿಗೆ ಹಂಚು ಹಾಕತೊಡಗಿದರು. ಹೊತ್ತು ಒಳ್ಳೆಯದುಂಟು, ಈಗಲೇ ಕೇಳುವ ಎಂದು ನಾನು ಮೆಲ್ಲ ಹತ್ತಿರ ಹೋದೆ.

"ಧಣಿಗಳೇ, ಸೋರುವುದು, ಬಿಸಿಲು, ನೀರು, ಇಲಿ, ಎಲ್ಲ ನೀವೇ ಒಪ್ಪಿದ್ರಿ. ಹಾಗಾದ್ರೆ ಬಾಡಿಗೆ ಸ್ವಲ್ಪ ಕಡಿಮೆ ಮಾಡುವ?"

ಧಣಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಎಲ್ಲಿ ಸೋರ್ತದೆ?" ಎಂದರು. "ನನಗೆ ಕಾಣುವುದಿಲ್ಲ."