ಪ್ಯಾಟ್ರೋಲ್‌ನಲ್ಲಿದ್ದೇನೆ

ಕುವಾಬಾರಾ ತೋಕುಜಿಯ ಟೋಪಿಯ ಮೇಲೆ ಹಸಿರು ಗಿಣಿಯೊಂದು ಬಂದು ಕೂತಾಗ, ಮಧ್ಯಾಹ್ನದ ದೋಣಿ ಹೊರಡಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಬೇರೆ ಯಾರಾದರೂ ಹುಶ್ ಎಂದು ಅಟ್ಟಿ ನಡೆದುಬಿಡುತ್ತಿದ್ದರು. ತೋಕುಜಿ ಹಾಗಲ್ಲ. ದ್ವೀಪದ ಸೋಯಾ ಸಾಸ್ ಕಾರ್ಖಾನೆಯಲ್ಲಿ ಗುಮಾಸ್ತನಾದ ಅವನು, ದಾರಿಯಲ್ಲಿ ಅಂಗಿಯ ಗುಂಡಿ ಸಿಕ್ಕರೂ ಅಂಗಿ ಯಾರದೆಂದು ಊರೆಲ್ಲ ವಿಚಾರಿಸುವವನು.

ಇದು ಸಾಕಿದ ಗಿಣಿ. ಯಾರೋ ಹುಡುಕುತ್ತಿರಬೇಕು. ಪೊಲೀಸರಿಗೆ ಒಪ್ಪಿಸಿಯೇ ಹೋಗಬೇಕು.

ಆ ದೋಣಿಯನ್ನಾದರೋ ತಪ್ಪಿಸಿಕೊಳ್ಳುವಂತಿರಲಿಲ್ಲ. ದಿನಕ್ಕೆ ಅದೊಂದೇ. ಆಚೆ ದಡದಲ್ಲಿ ಅತ್ತೆಯ ಎಪ್ಪತ್ತೇಳನೆಯ ಹುಟ್ಟುಹಬ್ಬ. ಹೆಂಡತಿ ಫುಮಿಎ ಬೆಳಿಗ್ಗೆಯೇ ಎಚ್ಚರಿಸಿದ್ದಳು:

"ಹೋದ ವರ್ಷ ಹೊಟ್ಟೆನೋವು ಅಂದ್ರಿ. ಅದರ ಹಿಂದಿನ ವರ್ಷ ದೋಣಿ ತಪ್ಪಿಸ್ಕೊಂಡ್ರಿ. ಈ ಸಲವೂ ಬರ್ಲಿಲ್ಲ ಅಂದ್ರೆ ಅಮ್ಮ ನಿಮ್ಮನ್ನ ಅಳಿಯ ಅನ್ನಲ್ಲ. ನಾನೇನು ಅಂತೀನೋ ಆಗ ನೋಡ್ಕೊಳ್ಳಿ. ನಾನು ಮುಂಚೆ ಹೋಗಿ ಉಡುಗೊರೆ ತಗೊಂಡು ದೋಣಿಕಟ್ಟೆ ಹತ್ರ ಇರ್ತೀನಿ."

ಪೊಲೀಸ್ ಠಾಣೆ ದಾರಿಯಲ್ಲೇ ಇತ್ತು: ಒಂದೇ ಕೋಣೆ, ಬಾಗಿಲ ಮೇಲೆ ಕೆಂಪು ದೀಪ. ಆ ದೀಪದಡಿ ಹಾಯುವಾಗ ತೋಕುಜಿ ಯಾವ ತಪ್ಪೂ ಮಾಡದೆ ತಲೆ ತಗ್ಗಿಸುತ್ತಿದ್ದ. ಇವತ್ತು ಒಳಗೆ ಕಾಲಿಟ್ಟರೆ ಯಾರೂ ಇಲ್ಲ. ಮೇಜಿನ ಮೇಲೆ ಪೊಲೀಸ್ ಟೋಪಿ, ಪಕ್ಕದಲ್ಲಿ ಹಲಗೆ: 'ಪ್ಯಾಟ್ರೋಲ್‌ನಲ್ಲಿದ್ದೇನೆ. ತುರ್ತಿದ್ದರೆ ಫೋನ್ ಎತ್ತಿ.' ಫೋನು ಮಲಗಿದ ಕರಿ ಬೆಕ್ಕಿನಂತೆ, ಮುಟ್ಟಿದರೆ ಎದ್ದೀತು ಎನ್ನುವಂತಿತ್ತು.

ಪ್ಯಾಟ್ರೋಲ್. ತೋಕುಜಿಗೆ ಮೈ ಜುಮ್ಮೆಂದಿತು. ಊರು ಅನ್ನ ಉಣ್ಣುವ ಹೊತ್ತಿನಲ್ಲಿ ಒಬ್ಬನೇ ಒಬ್ಬ ಮನುಷ್ಯ, ಠಾಣೆಯ ಪೊಲೀಸ್ ಒಗಾತಾ, ಹೆಲ್ಮೆಟ್ ತೊಟ್ಟು ಮೋಟಾರ್ ಸೈಕಲ್ಲಿನಲ್ಲಿ ಬೆಟ್ಟದಂಚಿನಲ್ಲಿ ಸುತ್ತುತ್ತ ಒಂದೊಂದು ಸೂರನ್ನೂ ಕಣ್ಣಲ್ಲೇ ಕಾಯುತ್ತಿದ್ದಾನೆ. ಎಂಥ ಮಾತು, ಎಂಥ ಕೆಲಸ.

"ಪ್ಯಾಟ್ರೋಲ್ ಅಂದ್ರೆ ಬಂಡೆ ಮೇಲೆ ಗಾಳ ಹಾಕಿ ಕೂತ್ಕೊಳ್ಳೋದು ಕಣಪ್ಪ," ಎಂದಳು ಬಾಗಿಲಲ್ಲಿ ಬುಟ್ಟಿ ಇಳಿಸಿದ, ಮೀನು ಮಾರುವ ಟೊಮೆ ಅಜ್ಜಿ.

"ಅಲ್ಲ ಅಜ್ಜಿ, ನೂಡಲ್ ಅಂಗಡೀಲಿ ರೇಡಿಯೋ ಪಕ್ಕ ಕೂತು ಬೇಸ್‌ಬಾಲ್ ಕೇಳೋದು," ಎಂದ ಅವಳ ಹಿಂದೆಯೇ ಇಣುಕಿದ ಕ್ಷೌರಿಕ ಶಿಗೆಮಾತ್ಸು. "ನಿಮ್ಮ ಯಜಮಾನ್ರು ಸಹಕಾರ ಸಂಘದ ಸಭೆ ಅಂತ ಹೋಗ್ತಿದ್ರಲ್ಲ, ಅದೇ ಜಾತಿ."

"ನಿನ್ನಪ್ಪನೂ ಅದೇ ಸಭೇಲಿ ಇರ್ತಿದ್ದ, ಸುಮ್ನಿರು. ಕುವಾಬಾರಾ ಸಾನ್, ಕೂತ್ಕೊಳ್ಳಿ. ಕುರ್ಚಿ ಏನೂ ಕಚ್ಚಲ್ಲ."

ಇಬ್ಬರೂ ಸೇರಿ ಅವನನ್ನು ಒಗಾತಾನ ಕುರ್ಚಿಯಲ್ಲೇ ಕೂರಿಸಿ, ಗಿಣಿ ಹಾರಿಹೋಗದಿರಲೆಂದು ಬಾಗಿಲು ಮುಚ್ಚಿಕೊಂಡು ಹೋದರು. ಗಿಣಿ ಅವನ ತಲೆಯಿಂದ ಪೊಲೀಸ್ ಟೋಪಿಯೊಳಕ್ಕೆ ಇಳಿದು, ಸರ್ಕಾರದ ಲಾಂಛನದ ಹಿಂದೆಯೇ ಒಂದು ಬಿಳಿ ಗುರುತು ಬಿಟ್ಟು, ನಿದ್ದೆಹೋಯಿತು. ತೋಕುಜಿ ತನ್ನ ಹೊಸ ಕರವಸ್ತ್ರದಿಂದ ಒರೆಸಿದ. ಗುರುತು ಅಗಲವಾಯಿತು.

ಪ್ರವಾಸಕ್ಕೆ ಬಂದ ಇಬ್ಬರು ಹೆಂಗಸರು ಬಾಗಿಲು ಸರಿಸಿ ದೀಪಸ್ತಂಭಕ್ಕೆ ದಾರಿ ಕೇಳಿದರು. ಹೇಳಿದ. ಅವರು ಸೊಂಟದವರೆಗೆ ಬಾಗಿ ವಂದಿಸಿ ಹೋದರು. ಸ್ವಂತ ಹೆಂಡತಿಯೂ ಅವನ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ. ಕುರ್ಚಿಯ ಮಹಿಮೆಗೆ ಬೆರಗಾಗಿ ಅವನು ಅದರ ತುದಿಗೆ ಸರಿದು ಕೂತ.

ಅಷ್ಟರಲ್ಲಿ ದೋಣಿಯ ಮೊದಲ ಕೂಗು ಕೇಳಿತು. ತೋಕುಜಿ ಫೋನ್ ಎತ್ತಿದ.

"ಏನು ತುರ್ತು?" ಎಂದಿತು ಆಚೆ ದಡದ ದೊಡ್ಡ ಠಾಣೆಯ ದನಿ.

"ಕ್ಷಮಿಸಬೇಕು. ಒಂದು ಗಿಣಿ."

"ನೋಡಿ ಸ್ವಾಮಿ, ಒಗಾತಾ ಈಗ ಒಬ್ಬ ಕಾಣೆಯಾದ ಗಂಡಸನ್ನ ಹುಡುಕ್ತಿದ್ದಾರೆ. ಹೆಂಡತಿ ಹೇಳೋ ಪ್ರಕಾರ, ದಾರಿ ಗೊತ್ತಿದ್ರೂ ತಲುಪೋ ಗ್ಯಾರಂಟಿ ಇಲ್ಲದ ಮನುಷ್ಯನಂತೆ. ಅವನು ಸಿಕ್ಕ ಕೂಡ್ಲೆ ನಿಮ್ಮ ಹತ್ರ ಬರ್ತಾರೆ. ಅಲ್ಲಿಂದ ಕದಲಬೇಡಿ."

ತೋಕುಜಿ ಫೋನಿಗೇ ಬಾಗಿ ವಂದಿಸಿದ. ಅವನ ಕಣ್ಣು ಹನಿಗೂಡಿತ್ತು. ಅಜ್ಜಿ ಗಾಳ ಅಂದಳು, ಶಿಗೆಮಾತ್ಸು ಬೇಸ್‌ಬಾಲ್ ಅಂದ. ಪ್ಯಾಟ್ರೋಲ್ ಎಂದರೆ ಇದು. ಯಾರೋ ಪಾಪದವನಿಗಾಗಿ ಒಬ್ಬ ಪುಣ್ಯಾತ್ಮ ದ್ವೀಪವನ್ನೇ ಜಾಲಾಡುತ್ತಿದ್ದಾನೆ. ದೇವರೇ, ಆ ಬಡಪಾಯಿ ಬೇಗ ಸಿಗಲಿ.

ದೋಣಿ ಎರಡನೆಯ ಸಲ ಕೂಗಿತು. ತೋಕುಜಿ ಎದ್ದ. ಕದಲಬೇಡಿ ಎಂದದ್ದು ಪೊಲೀಸರು, ಕೂತ. ಅತ್ತೆಯ ಮುಖ ನೆನಪಾಗಿ ಮತ್ತೆ ಎದ್ದ. ಗಿಣಿ ಒಂದು ಕಣ್ಣು ತೆರೆದು ನೋಡಿತು, ಮತ್ತೆ ಕೂತ. ಮೂರನೆಯ ಕೂಗು ದೂರದಿಂದ, ನೀರಿನ ಮೇಲಿಂದ ಬಂತು.

ಕೊನೆಗೂ ಬಾಗಿಲು ಸರಿಯಿತು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಒಗಾತಾ ಒಳಗೆ ಬಂದ. ಅವನ ಹಿಂದೆ ಖಾಲಿ ಪಂಜರ ಹಿಡಿದ ಫುಮಿಎ.

"ಟೊಮೆ ಅಜ್ಜಿ ಹೇಳದೇ ಇದ್ದಿದ್ರೆ ಇನ್ನೂ ಬೆಟ್ಟ ಹತ್ತುತ್ತಿದ್ದೆ," ಎಂದು ಒಗಾತಾ ತನ್ನ ಕುರ್ಚಿಯನ್ನೂ ಟೋಪಿಯನ್ನೂ ನೋಡಿದ. "ಅಮ್ಮಾ, ಕಳೆದದ್ದು ಎರಡು ಅಂದ್ರಲ್ಲ. ನಿಮ್ಮ ತಾಯಿಗೆ ಅಂತ ತಂದ ಗಿಣಿ, ಪಂಜರದ ಬಾಗಿಲು ತೆಗೆದು ಹಾರಿದ್ದು, ಇದೇನಾ?"

"ಇದೇ," ಎಂದಳು ಫುಮಿಎ ತಕ್ಷಣ.

"ಮತ್ತೆ, ಇವರು?"

ಫುಮಿಎ ಕಿಟಕಿಯಾಚೆ ನೋಡಿದಳು. ದೋಣಿ ಸೋಯಾ ಕಾಳಿನಷ್ಟಾಗಿತ್ತು. ಅದು ಪೂರ್ತಿ ಮರೆಯಾಗುವವರೆಗೂ ನೋಡುತ್ತಲೇ ಇದ್ದಳು. ಆಮೇಲೆ ಪಂಜರವನ್ನು ಮೆಲ್ಲಗೆ ನೆಲದ ಮೇಲಿಟ್ಟು, ತೋಳನ್ನು ಮೇಲಕ್ಕೆ ಮಡಚಿಕೊಂಡಳು.

ಒಗಾತಾ ಅನುಭವಸ್ಥ. ಹಲಗೆಯನ್ನು ಸರಿಯಾಗಿ ಎದುರಿಗೆ ತಿರುಗಿಸಿಟ್ಟು ಹೆಲ್ಮೆಟ್ ಕೈಗೆತ್ತಿಕೊಂಡ.

"ನಾನು ಇನ್ನೊಂದು ಸುತ್ತು ಪ್ಯಾಟ್ರೋಲ್ ಹೋಗಿಬರ್ತೀನಿ," ಎಂದವನೇ ಬಾಗಿಲು ಎಳೆದುಕೊಂಡ.

ತೋಕುಜಿಯ ಕೈ ಮೇಜಿನ ಮೇಲೆ ಮೆಲ್ಲಗೆ ಫೋನಿನ ಕಡೆಗೆ ಜರುಗಿತು. ಈ ಸಲ ತುರ್ತು ಹೌದೋ ಅಲ್ಲವೋ ಎಂಬ ಅನುಮಾನವೇ ಅವನಿಗಿರಲಿಲ್ಲ.