ಕೆಂಚನೂ ನಾನೂ ಮಾತಿಲ್ಲದೆ ಮಾತಾಡಿದ್ದು

ಶಾಲೆಯನ್ನು ಬೇಗ ಬಿಟ್ಟವನಿಗೆ ಒಂದು ಅನುಕೂಲವಿದೆ. ತನಗೆ ಏನೇನು ಗೊತ್ತಿಲ್ಲ ಎಂಬುದು ಅವನಿಗೆ ಬೇಗ ಗೊತ್ತಾಗುವುದಿಲ್ಲ. ನಾನು ನಾಲ್ಕನೆಯ ಕ್ಲಾಸಿಗೇ ಸ್ಲೇಟನ್ನು ತಂಗಿಯ ಕೈಗೆ ಕೊಟ್ಟು ಸೈಕಲ್ ರಿಪೇರಿ ಕಲಿಯಲು ಹೋದವನು. ಇವತ್ತು ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೇ ಸೈಕಲ್ ಷಾಪು ಇದೆ. ಬಾಡಿಗೆ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಗಾಳಿ ಹೊಡೆಸಲು ಬಂದವರೂ ‘ಯಜಮಾನ್ರೆ’ ಎಂದೇ ಕರೆಯುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಥವಾ ಜಂಬಕ್ಕೇ ಹೇಳುತ್ತಿದ್ದೇನೆ, ಇರಲಿ ಬಿಡಿ. ದುಡಿದವನಿಗೆ ಅಷ್ಟೂ ಬೇಡವೇ? ರಸ್ತೆಯಲ್ಲಿ ಹೋಗುವ ಸೈಕಲ್ಲಿನ ಸದ್ದು ಕೇಳಿಯೇ, ತಲೆ ಎತ್ತದೆ, ಅದರ ಚೈನು ಸಡಿಲವಾಗಿದೆಯೋ ಮಡ್‌ಗಾರ್ಡು ಉಜ್ಜುತ್ತಿದೆಯೋ ಹೇಳಬಲ್ಲೆ. ಜೀವವಿಲ್ಲದ ಕಬ್ಬಿಣವೇ ತನ್ನ ಕಷ್ಟವನ್ನು ನನಗೆ ಹೇಳಿಕೊಳ್ಳುವಾಗ ಜೀವವಿರುವ ನಾಯಿ ಹೇಳದೆ ಇರುತ್ತದೆಯೇ ಎಂದು ನಾನು ಅಂದುಕೊಂಡದ್ದರಲ್ಲಿ ತಪ್ಪೇನಿತ್ತು ಎನ್ನುವುದು ಈ ಹೊತ್ತಿಗೂ ನನಗೆ ಅರ್ಥವಾಗಿಲ್ಲ.

ಕೆಂಚ ನಮ್ಮ ಮನೆಗೆ ಬಂದದ್ದು ಕುರಿಗಾರರಿಂದ. ಹಿರಿಯೂರು ಕಡೆಯವರು ಆ ವರ್ಷ ಚಂದ್ರವಳ್ಳಿಯ ಆಚೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರು. ಅವರ ಕೆಂದು ಬಣ್ಣದ ನಾಯಿಯೊಂದರ ಕಾಲಿಗೆ ಏಟು ಬಿದ್ದು, ಅದು ಮಂದೆಯ ಹಿಂದೆ ಊರೂರು ಅಲೆಯಲಾರದೆ ಹೋಯಿತು. ಕುರಿಗಾರರ ಅಜ್ಜ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ನನ್ನ ಅಂಗಡಿಗೆ ಬಂದ. “ಸಾಕ್ಕಳ್ರಿ ಯಜಮಾನ್ರೆ, ಒಳ್ಳೇ ಜಾತಿ ಐತೆ” ಎಂದ. ನಾನು ಹೂಂ ಎಂದೆ. “ಒಂದ್ ಮಾತು. ಇದು ಮನೆ ಕಾಯೋ ನಾಯಿ ಅಲ್ಲ, ಕುರಿ ರೊಪ್ಪ ಕಾಯೋ ನಾಯಿ. ಮೊದ್ಲು ಅದಕ್ಕೆ ಯಾರು ಏನು ಅಂತ ತೋರಿಸ್ಬೇಕು, ಹೆಂಗಂದ್ರೆ...”

“ನಾಯಿಗೆ ಹೇಳೋದನ್ನ ನನಗೆ ಹೇಳಿಕೊಡ್ತೀಯೇನಜ್ಜ?” ಎಂದು ನಾನು ನಕ್ಕೆ. ಅಜ್ಜನೂ ನಕ್ಕು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಕಾಲು ವಾಸಿಯಾದ ಮೇಲೆ ಕೆಂಚ ಅಂಗಳದ ಗೇಟಿಗೆ ಅಡ್ಡ ಮಲಗಲು ಶುರುಮಾಡಿದ. ಬೇರೆಯವರ ನಾಯಿ ಒಳಗೆ ಬರುವವರನ್ನು ತಡೆಯುತ್ತದೆ. ನಮ್ಮವನು ಯಾರು ಬಂದರೂ ಬಾಲ ಆಡಿಸಿ ಒಳಗೆ ಬಿಡುತ್ತಿದ್ದ; ಕಳ್ಳ ಬಂದಿದ್ದರೂ ಮರ್ಯಾದೆ ಸಿಗುತ್ತಿತ್ತು. ತೊಂದರೆಯೆಲ್ಲ ಹೊರಗೆ ಹೋಗುವವರದು. ಪಕ್ಕದ ಮನೆಯ ಬಸಣ್ಣ ಒಮ್ಮೆ ಪೇಪರ್ ಕೇಳಲು ಬಂದವನು ಪೇಪರ್ ಹಿಡಿದು ಹೊರಟರೆ, ಕೆಂಚ ಅವನ ಪಂಚೆಯ ಅಂಚನ್ನು ಮೆಲ್ಲಗೆ ಹಿಡಿದು ತಂದು ಮತ್ತೆ ಜಗಲಿಯ ಮೇಲೆ ಕೂರಿಸಿದ. “ನೋಡಿದೆಯಾ, ಕಾಫಿ ಕುಡಿದು ಹೋಗು ಅಂತೈತೆ” ಎಂದು ನಾನು ಅರ್ಥ ಹೇಳಿದೆ. ಬಸಣ್ಣ ಎರಡು ಲೋಟ ಕುಡಿದ. ಆಮೇಲೆ ನಾನು ಕೆಂಚನ ಕಣ್ಣಲ್ಲಿ ಕಣ್ಣಿಟ್ಟು ಮನಸ್ಸಿನಲ್ಲೇ ‘ಬಿಡಪ್ಪ, ಹೋಗಲಿ’ ಎಂದೆ. ಬಿಟ್ಟ. ಆ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ತಿಪ್ಪಮ್ಮ ಕಸದ ಪುಟ್ಟಿ ಹಿಡಿದು ಗೇಟು ದಾಟುತ್ತಿದ್ದಳು, ಅದು ಬೇರೆ ವಿಷಯ.

ಅಲ್ಲಿಂದ ಇದು ನನ್ನ ದಿನದ ಕಸುಬಾಯಿತು. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಗೇಟಿನ ಮುಂದೆ ನಿಂತು, ತುಟಿ ಅಲ್ಲಾಡಿಸದೆ, ‘ಕೆಂಚಾ, ಹೊರಟೆ, ದಾರಿ ಬಿಡು’ ಎನ್ನುವೆ. ಅವನು ನನ್ನನ್ನು ನೋಡುವನು, ಗೇಟಿನಾಚೆ ರಂಗೋಲಿ ಹಾಕುತ್ತಿದ್ದ ತಿಪ್ಪಮ್ಮನನ್ನು ನೋಡುವನು, ಎದ್ದು ದಾರಿ ಬಿಡುವನು. ಅಂಗಡಿಯಲ್ಲಿ ಈ ವಿಷಯ ನಾನು ಹೇಳದ ಗಿರಾಕಿಯಿರಲಿಲ್ಲ. ಸಿರಿಗೆರೆಯಲ್ಲಿ ಓದುವ ಹುಡುಗರು ಬಸ್ಸಿಗೆ ಕಾಯುತ್ತ ನಿಂತಲ್ಲೇ ಕೇಳಿ, “ಅದು ಹೆಂಗೆ ಬರುತ್ತೆ ಯಜಮಾನ್ರೆ?” ಎಂದರೆ, “ಮನಸ್ಸು ಚೊಕ್ಕಟ ಇರಬೇಕು ಕಣ್ರಪ್ಪ, ಪುಸ್ತಕದಾಗೆ ಸಿಗಲ್ಲ” ಎನ್ನುತ್ತಿದ್ದೆ. ಬಸಣ್ಣ ಮಾತ್ರ, “ಏನಪ್ಪ, ನಿಮ್ಮಿಬ್ಬರಿಗೂ ವೈರ್‌ಲೆಸ್ ಐತೇನು?” ಎಂದು ಕಿಚಾಯಿಸುತ್ತಿದ್ದ.

ಹೀಗಿರುವಾಗ ನಮ್ಮ ಮಗಳು ಸುಶೀಲೆಯನ್ನು ನೋಡಲು ಹೊಸದುರ್ಗದಿಂದ ಗಂಡಿನ ಕಡೆಯವರು ಬಂದರು. ಹುಡುಗ ರೇಡಿಯೋ ರಿಪೇರಿ ಮಾಡುವವನು. ಜೊತೆಗೆ ಅವನ ತಂದೆ, ತಾಯಿ, ಸೋದರಮಾವ. ಅಂದು ಭಾನುವಾರ. ಕೆಂಚ ಬಾಲ ಆಡಿಸಿ ನಾಲ್ವರನ್ನೂ ಒಳಗೆ ಬಿಟ್ಟ. ಉಪ್ಪಿಟ್ಟು ಕೇಸರಿಬಾತು ಆಯಿತು. ಹುಡುಗ ನೆಲ ನೋಡಿದಂತೆ ಮಾಡಿ ಸುಶೀಲೆಯನ್ನು ನೋಡಿದ. ಸುಶೀಲೆ ಅಡುಗೆಮನೆಗೆ ಬಂದು ಅವ್ವನ ಕಿವಿಯಲ್ಲಿ “ಆಗ್ಲಿ” ಎಂದದ್ದು ನನಗೂ ಕೇಳಿಸಿತು. ಹಿಂದೆ ಬಂದ ಎರಡು ಗಂಡುಗಳಿಗೆ ಅವಳು ಬಾಯೇ ಬಿಟ್ಟಿರಲಿಲ್ಲ. ಹುಡುಗನ ತಾಯಿ ಗೋಡೆಯ ಗಡಿಯಾರ ನೋಡಿ ಎದ್ದರು. “ನಾಲ್ಕೂವರೆಗೆ ರಾಹುಕಾಲ ಬರ್ತೈತೆ. ಹೆಣ್ಣು ನೋಡಿದ ಮನೇಲಿ ರಾಹುಕಾಲಕ್ಕೆ ಸಿಕ್ಕಾಕ್ಕಂಡ್ರೆ ಆ ಸಂಬಂಧ ನಮಗೆ ಆಗಿಬರಲ್ಲ. ಊರಿಗೆ ಹೋಗಿ ಹೇಳಿ ಕಳಿಸ್ತೀವಿ, ಹೋಗಾಣ ನಡೀರಿ.”

ನಾಲ್ವರೂ ಅಂಗಳಕ್ಕಿಳಿದರು. ಗೇಟಿನಲ್ಲಿ ಕೆಂಚ ಎದ್ದು ನಿಂತ.

ಬೊಗಳಲಿಲ್ಲ, ಗುರ್ ಎನ್ನಲಿಲ್ಲ. ತಲೆ ತಗ್ಗಿಸಿ ಎಡಗಡೆಯಿಂದ ಒಂದು ಸುತ್ತು ಬಂದು, ನಾಲ್ವರನ್ನೂ ನೀರಿನ ತೊಟ್ಟಿಯ ಹತ್ತಿರ ಒತ್ತಟ್ಟಿಗೆ ನಿಲ್ಲಿಸಿದ. ಸೋದರಮಾವ ಪಕ್ಕಕ್ಕೆ ಜಾರಲು ನೋಡಿದರೆ ಮೂತಿಯಿಂದ ಮೊಣಕಾಲಿಗೆ ತಿವಿದು ಒಳಗೆ ತಳ್ಳಿದ. “ಹೆದರಬ್ಯಾಡ್ರಿ, ನಾನು ಹೇಳಿದ್ರೆ ಕೇಳ್ತೈತೆ” ಎಂದು ನಾನು ಗತ್ತಿನಿಂದ ಮುಂದೆ ಹೋಗಿ ಕೆಂಚನ ಕಣ್ಣಲ್ಲಿ ಕಣ್ಣಿಟ್ಟೆ. ‘ಬೀಗರಾಗುವವರು ಕಣೋ, ದಾರಿ ಬಿಡು.’ ಕೆಂಚ ನೋಡಿದ. ನಾನೂ ನೋಡಿದೆ. ಆಮೇಲೆ ಅವನು ನನ್ನ ಹಿಂದಿನಿಂದ ಬಂದು ನನ್ನನ್ನೂ ಆ ಗುಂಪಿಗೆ ಸೇರಿಸಿದ.

“ಏನೋ ಹೇಳ್ತೀನಿ ಅಂದ್ರಲ್ಲ?” ಎಂದರು ಹುಡುಗನ ತಂದೆ.

“ಹೇಳ್ತಾ ಇದೀನಿ.”

“ಬಾಯಿ ಬಿಟ್ಟು ಹೇಳ್ರಿ ಮತ್ತೆ!”

ಬಾಯಿ ಬಿಟ್ಟೂ ಹೇಳಿದೆ. ಗದರಿಸಿದೆ, ಮುದ್ದು ಮಾಡಿದೆ, ಬಿಸ್ಕತ್ತು ತೋರಿಸಿದೆ. ಬಿಸ್ಕತ್ತು ತಿಂದು ಮತ್ತೆ ಗೇಟಿಗೆ ಅಡ್ಡ ನಿಂತ. ಗೋಡೆಯ ಆಚೆಯಿಂದ ಬಸಣ್ಣನ ತಲೆ ಎದ್ದಿತು. “ವೈರ್‌ಲೆಸ್ ಕೆಟ್ಟೈತೇನಪ್ಪ?” ರೇಡಿಯೋ ಹುಡುಗ ನನ್ನ ಕಡೆ ಬಾಗಿ, “ಸ್ಟೇಷನ್ ಸಿಕ್ತಿಲ್ಲ ಅನ್ಸುತ್ತೆ ಮಾವಾರೆ” ಎಂದು ಪಿಸುಗುಟ್ಟಿದ. ಅಷ್ಟು ಗಾಬರಿಯಲ್ಲೂ ಅವನು ‘ಮಾವ’ ಎಂದದ್ದು ನನ್ನ ಕಿವಿಗೆ ಬಿತ್ತು. ಹುಡುಗ ಒಪ್ಪಿದ್ದಾನೆ, ಸುಶೀಲೆ ಒಪ್ಪಿದ್ದಾಳೆ, ಒಪ್ಪದವನು ಕೆಂಚ ಒಬ್ಬನೇ. ಹುಡುಗನ ತಾಯಿ, “ಯಪ್ಪಾ, ಇದೆಂಥ ಶಕುನ! ಕಾಲು ಗಂಟೆನೂ ಉಳಿದಿಲ್ಲ” ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಕಿಟಕಿಯಲ್ಲಿ ಸುಶೀಲೆಯ ಮುಖ ಬಿಳಿಚಿಕೊಂಡಿತ್ತು.

ಆಗ ತಿಪ್ಪಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಕೊಡಲು ಕರ್ಜಿಕಾಯಿ ಕಟ್ಟುತ್ತಿದ್ದುದರಿಂದ ತಡವಾಗಿತ್ತು. ಹುಡುಗನ ತಾಯಿಗೆ ಕುಂಕುಮ ಕೊಟ್ಟು, ಕೆಂಚನ ಕಡೆ ತಿರುಗಿಯೂ ನೋಡದೆ, “ಹೊತ್ತಾತು ಬರ್ರಿ ಅಕ್ಕಾರೆ, ಬಸ್ ಸ್ಟ್ಯಾಂಡ್ ತನಕ ನಾನೂ ಬರ್ತೀನಿ” ಎಂದು ಗೇಟು ದಾಟಿ ಮುಂದೆ ನಡೆದಳು. ಕೆಂಚ ತಟ್ಟನೆ ಗೇಟು ಬಿಟ್ಟು ಎಲ್ಲರ ಹಿಂದೆ ಬಂದು ನಿಂತ. ಒಬ್ಬರಾದ ಮೇಲೆ ಒಬ್ಬರನ್ನು, ಸಾಲು ತಪ್ಪದಂತೆ, ಅವಳ ಹಿಂದೆ ಹೊರಡಿಸಿದ.

ಬೀದಿಗೆ ಬಿದ್ದ ಕೂಡಲೇ ಹುಡುಗನ ತಂದೆ ನಗಲು ಶುರುಮಾಡಿದರು. “ಈ ಮನೇಲಿ ಯಾರ ಮಾತು ನಡೀತೈತೆ ಅಂತ ಗೊತ್ತಾತು ಬಿಡ್ರಿ!” ತಾಯಿ ನಗಲಿಲ್ಲ, ತಿಪ್ಪಮ್ಮನ ಕೈ ಹಿಡಿದುಕೊಂಡರು. “ರಾಹುಕಾಲಕ್ಕೆ ಮೊದ್ಲೇ ದಾಟಿಸಿದಿ ತಾಯಿ. ಇನ್ನೇನು ಹೇಳಿ ಕಳಿಸೋದು? ನಿನ್ನ ಮಗಳು ನಮ್ಮ ಮನೇಳು.”

ಹೆಣ್ಣಿನ ತಂದೆ ನಾನು, ಈ ಮಾತಿಗೆ ಕೈ ಮುಗಿದು ಬೀಗರನ್ನು ಬಸ್ಸು ಹತ್ತಿಸಿ ಬರಬೇಡವೇ? ಬರಿಗಾಲಲ್ಲಿದ್ದೆನೆಂದು ಗೇಟಿನಿಂದ ಮತ್ತೆ ಒಳಗೆ ಓಡಿ, ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಹಿಂದೆ ಬಿದ್ದೆ. ಅವರು ಬೀದಿಯ ತಿರುವು ದಾಟಿದರು. ಕೆಂಚ ವಾಪಸು ಬಂದು ಗೇಟಿಗೆ ಅಡ್ಡ ಮಲಗಿದ. ಮನಸ್ಸಿನಲ್ಲಿ ಹೇಳಿದೆ, ಬಾಯಲ್ಲಿ ಹೇಳಿದೆ, ಬೇಡಿಕೊಂಡೆ. ಕಿಟಕಿಯಿಂದ ಸುಶೀಲೆ ನಗು ತಡೆಯಲಾರದೆ, “ಅಪ್ಪಾ, ಅವ್ವ ಬರೋ ತನಕ ಒಳಗೆ ಬಂದು ಕುಂತ್ಕ” ಎಂದಳು. ಕುಂತೆ. ಕುಂತಲ್ಲೇ ಕುರಿಗಾರರ ಅಜ್ಜನ ಅರ್ಧ ಮಾತು ನೆನಪಾಯಿತು. ಯಾರು ಏನು ಎಂದು ನಾನು ತೋರಿಸದಿದ್ದರೂ ಕೆಂಚ ತಾನೇ ನೋಡಿ ತಿಳಿದುಕೊಂಡಿದ್ದ. ಕುರಿಗಾರ ಯಾರೆಂದೂ ತಿಳಿದಿದ್ದ, ಕುರಿ ಯಾವುದೆಂದೂ ತಿಳಿದಿದ್ದ.

ಆದರೂ ಬೀದಿಯಲ್ಲಿ ನನ್ನ ಮರ್ಯಾದೆ ಒಂದಿದೆಯಲ್ಲ. ಈಗಲೂ ಬೆಳಿಗ್ಗೆ ಗೇಟಿನ ಮುಂದೆ ನಿಂತು ಕೆಂಚನ ಕಣ್ಣಲ್ಲಿ ಕಣ್ಣಿಡುತ್ತೇನೆ. ತಿಪ್ಪಮ್ಮ ರಂಗೋಲಿಯ ಕೊನೆಯ ಎಳೆ ಎಳೆದು, ತಲೆ ಎತ್ತದೆ, “ಹೂಂ, ಬರ್ರಿ” ಎನ್ನುತ್ತಾಳೆ. ಕೆಂಚ ಏಳುತ್ತಾನೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಮೊದಲು ಕಾಲು ಎತ್ತುವವನು ಅವನೋ ನಾನೋ ಎನ್ನುವುದಷ್ಟೇ ನನಗೆ ಇನ್ನೂ ಬಗೆಹರಿದಿಲ್ಲ.