ಒಂಬತ್ತು ದಿನದ ಚಹಾ

ನಮ್ಮ ಕಡೆಯವರಿಗೆ ದಿನಕ್ಕೊಮ್ಮೆ ಯಾರಾದರೂ ‘ಆಯ್ತಾ?’ ಎಂದು ಕೇಳದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ತಿಂಡಿ ಆಯ್ತಾ, ಕಾಫಿ ಆಯ್ತಾ, ಕೊನೆಗೆ ಸ್ನಾನವಾದರೂ ಆಯ್ತಾ. ವಡೋದರಕ್ಕೆ ಬಂದಂದಿನಿಂದ ಡೈರಿಯ ಕೊನೆಯ ಪುಟದಲ್ಲಿ ಇದಕ್ಕೂ ಒಂದು ಲೆಕ್ಕ ಇಟ್ಟಿದ್ದೇನೆ. ಮೊದಲ ನಾಲ್ಕು ತಿಂಗಳ ಮೊತ್ತ ಸೊನ್ನೆ. ಫತೇಗಂಜಿನ ನನ್ನ ಮನೆಯೊಡೆಯರು ಕೇಳುತ್ತಿದ್ದುದು ಒಂದೇ, ನೀರಿನ ಮೋಟರ್ ಆಫ್ ಮಾಡಿದೆಯಾ ಎಂದು.

ಹಗಲೆಲ್ಲ ನನ್ನ ಒಡನಾಟ ಒಂದು ಪಂಪಿನ ಜೊತೆ. ಕಾರ್ಖಾನೆಯ ಕೊಳವೆಗಳಲ್ಲಿ ಗಟ್ಟಿಯಾದ ಕೊಳೆಯನ್ನು ನೀರಿನ ಏಟಿನಿಂದಲೇ ಒಡೆದು ತೆಗೆಯುವ ಪಂಪು. ಅದರ ನೀರು ಬೂಟನ್ನೂ ಕತ್ತರಿಸುತ್ತದೆ. ಇಷ್ಟು ಪ್ರತಾಪವೆಲ್ಲ ಅದರ ಹೊಟ್ಟೆಯ ಎಣ್ಣೆ ಶುದ್ಧವಾಗಿರುವವರೆಗೆ ಮಾತ್ರ. ಸೀಲು ಸವೆದರೆ ನೀರು ಎಣ್ಣೆಗೆ ಸೇರುತ್ತದೆ. ಅದನ್ನು ನೋಡಲೆಂದೇ ಪಕ್ಕದಲ್ಲಿ ಪುಟ್ಟ ಗಾಜಿನ ಕಿಂಡಿಯಿದೆ. ದಿನಾ ಬೆಳಿಗ್ಗೆ ಅದನ್ನು ನೋಡಿ ರಿಜಿಸ್ಟರಿನಲ್ಲಿ ‘ಸರಿ’ ಎಂದು ಬರೆಯುವುದು ನನ್ನ ಕೆಲಸ. ಮೊದಲ ತಿಂಗಳು ಬಗ್ಗಿ ನೋಡಿ ಬರೆದೆ. ಆಮೇಲೆ ಕುಳಿತಲ್ಲೇ ಬರೆದೆ. ಬರೆಯುವುದನ್ನಂತೂ ಒಂದು ದಿನವೂ ತಪ್ಪಿಸಲಿಲ್ಲ.

ಪಂಪು ನಡೆಸುವವರು ಜಯಂತಿಭಾಯಿ, ನನ್ನ ತಂದೆಯ ವಯಸ್ಸಿನವರು, ಮಿತಭಾಷಿ. ಐದನೆಯ ತಿಂಗಳ ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದು, “ಸಾಹೇಬ್, ಚಾ ಥಈ ಗಯು” ಎಂದರು. ನನಗೆ ಬರುವ ಅಷ್ಟಿಷ್ಟು ಗುಜರಾತಿಯಲ್ಲಿ ಚಾ ಎಂದರೆ ಚಹಾ, ಥಈ ಗಯು ಎಂದರೆ ಆಯ್ತು. ಅಂತೂ ಒಬ್ಬರು ಕೇಳಿದರಲ್ಲ ಎಂದು ಎದ್ದೇ ನಿಂತೆ. “ಥಈ ಗಯು, ಜಯಂತಿಭಾಯಿ” ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಹೋದರು. ಡೈರಿಯಲ್ಲಿ ಆ ಸಂತೋಷವನ್ನು ಬರೆದು, ಕೊನೆಯ ಪುಟದಲ್ಲಿ ಒಂದು ಗೀಟು ಎಳೆದೆ. ಹೀಗೆ ಒಂಬತ್ತು ಬೆಳಿಗ್ಗೆ, ಒಂಬತ್ತು ಗೀಟು. ಕೊನೆಯ ದಿನ ಅವರು “ಬಹು ಥಈ ಗಯು” ಎಂದರು, ಬಹಳ ಆಯ್ತು ಎಂದು. ನಾನು ಎರಡು ಬೆರಳೆತ್ತಿ “ಬೇ ಕಪ್” ಎಂದೆ.

ಹತ್ತನೆಯ ದಿನ ಪಂಪು ಕಿರುಚಿ ನಿಂತುಹೋಯಿತು. ಬಿಚ್ಚಿದರೆ ಒಳಗಿನ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣ. ಎಣ್ಣೆ ಚಹಾ ಆಗಿದೆ ಎಂದೇ ಅವರು ದಿನಾ ಹೇಳಿದ್ದು. ಕುಡಿಯುವ ಚಹಾ ಆಯ್ತಾ ಎಂದು ಕೇಳುವುದಾದರೆ ‘ಗಯು’ ಅಲ್ಲ, ‘ಗಈ’ ಎನ್ನಬೇಕಂತೆ.

“ಬತಾಯಾ ಕ್ಯೋಂ ನಹೀಂ? ಕಲ್ ಸೇ ಮತ್ ಆನಾ” ಎಂದರು ಮ್ಯಾನೇಜರ್ ಜಯಂತಿಭಾಯಿಗೆ, ಹೇಳಲಿಲ್ಲವೇಕೆ, ನಾಳೆಯಿಂದ ಬರಬೇಡ ಎಂದು.

“ರೋಜ್ ಕಹ್ಯು,” ಎಂದರು ಜಯಂತಿಭಾಯಿ, ದಿನಾ ಹೇಳಿದೆನೆಂದು. “ಸಾಹೇಬೇ ಹಾ ಪಾಡೀ. ಬೇ ಕಪ್, ಕಹ್ಯು.” ಸಾಹೇಬರು ಹೌದೆಂದರು, ಎರಡು ಕಪ್ ಎಂದೂ ಹೇಳಿದರು ಎಂದು.

ಮ್ಯಾನೇಜರ್ ರಿಜಿಸ್ಟರ್ ತೆರೆದರು. ಒಂಬತ್ತು ‘ಸರಿ’, ದುಂಡಾದ ಅಕ್ಷರದಲ್ಲಿ. “ರಿಜಿಸ್ಟರ್ ಝೂಟ್ ನಹೀಂ ಬೋಲ್ತಾ” ಎಂದರು.

ಅದು ಸುಳ್ಳು ಹೇಳುತ್ತದೆಂಬುದಕ್ಕೆ ಸಾಕ್ಷಿ ನನ್ನ ಚೀಲದಲ್ಲಿತ್ತು, ಅದೂ ಆ ಕಟ್ಟಡದಲ್ಲಿ ಬೇರೆ ಯಾರಿಗೂ ಓದಲು ಬಾರದ ಕನ್ನಡದಲ್ಲಿ. ಸುಮ್ಮನಿರಬಹುದಿತ್ತು. ಹನ್ನೊಂದು ನಿಮಿಷ ಸುಮ್ಮನಿದ್ದೆ, ಅದನ್ನೂ ಬರೆದಿಟ್ಟಿದ್ದೇನೆ. ಆಮೇಲೆ ಡೈರಿ ತೆಗೆದು, ಹರುಕು ಹಿಂದಿಗೆ ತಿರುಗಿಸುತ್ತ ಓದಿದೆ: ಜಯಂತಿಭಾಯಿ ಇಂದೂ ಚಹಾ ಆಯ್ತಾ ಎಂದು ಕೇಳಿದರು, ಸಂತೋಷ. ಒಂಬತ್ತು ಸಲ ಸಂತೋಷ. ಯಾರೂ ನಗಲಿಲ್ಲ.

ಜಯಂತಿಭಾಯಿ ಉಳಿದರು. ರಿಜಿಸ್ಟರ್ ಈಗ ಅವರ ಕೈಯಲ್ಲಿದೆ. ನನಗೆ ಫಿಲ್ಟರ್ ತೊಳೆಯುವ ಕೆಲಸ. ಕೊನೆಯ ಪುಟದ ಒಂಬತ್ತು ಗೀಟನ್ನೂ ಹೊಡೆದುಹಾಕಿ ಮತ್ತೆ ಸೊನ್ನೆ ಬರೆದೆ. ಮೂರು ವಾರ ಅವರು ನನ್ನೊಡನೆ ಮಾತಾಡಲಿಲ್ಲ. ನಿನ್ನೆ ಬೆಳಿಗ್ಗೆ ಹಿಂದಿನಿಂದ ದನಿ ಕೇಳಿತು: “ಸಾಹೇಬ್, ಚಾ ಥಈ ಗಈ?”

ತಿರುಗಿಯೂ ನೋಡದೆ ಪಂಪಿನತ್ತ ಓಡಿದೆ. ಕಿಂಡಿಯಲ್ಲಿ ಎಣ್ಣೆ ಜೇನಿನಂತೆ ತಿಳಿಯಾಗಿತ್ತು. ಎರಡೆರಡು ಸಲ ಒರೆಸಿ ನೋಡಿ ವಾಪಸು ಬರುವಷ್ಟರಲ್ಲಿ, ನನ್ನ ಮೇಜಿನ ಮೇಲೆ ಅವರು ಇಟ್ಟುಹೋದ ಚಹಾ ಆರಿತ್ತು.